ಕಣ್ಣಿಗೆ ರೆಪ್ಪಿ ಭಾರೇನು

ಕಣ್ಣಿಗೆ ರೆಪ್ಪಿ ಭಾರೇನು ಅಂತ ಗಾದಿ ಹೇಳ್ತಾರಲ್ಲ ಮಹಾನಂದಾ,
ಆಗ್ತದ. ನಲವತ್ತೆಂಟಕ್ಕ ಆಗ್ತದ.
ಚಿಂಚೋಳಿ ಬಸ್ಸಿನ್ಯಾಗ ರೊಕ್ಕ ಎಣಸ್ಲಿಕತ್ತಿದ್ದೆ,
ಯಾರೋ ಮೊಬೈಲಿನ್ಯಾಗ ಫೋಟೋ ಹೊಡದು
ಕಂಡಕ್ಟರ್ ನಿದ್ದಿ ಮಾಡ್ಲಿಕತ್ತಾಳಂತ ಡಿಪೋಕ್ಕ ಕಳಿಸಿದ್ರು.
ಮೆಮೊ ಬಂತು. ಉತ್ತರ ಬರದೆ:
ಎಚ್ಚರಿದ್ದೆ ಸಾಹೇಬ್ರ, ನನ್ನ ಮಾರಿನೇ ಹಂಗದ.

ನೀ ಈಗ ಹೋಗ್ತೀನಂತಿ. ಹೋಗು, ಬ್ಯಾಡನ್ನೂದಿಲ್ಲ.

ಸೇಡಂ ರೋಡಿನ ದವಾಖಾನ್ಯಾಗ ರುಖಿಯಾ ಮೇಡಂ
ಮೊದಲ ಕೇಳೂದು ಇದೇ:
ನೋಡ್ಲಿಕ್ಕೋ, ನೋಡಿಸ್ಕೊಳ್ಳಲಿಕ್ಕೋ?
ಪಟ್ಟಿ ಹಚ್ಚಿ ರೆಪ್ಪಿ ಮ್ಯಾಲೆತ್ತಿದ್ರು,
ಗ್ವಾಡಿ ಮ್ಯಾಲ ಹಲ್ಲಿ ಇತ್ತು. ಅಲ್ಲೀತನಕ ಇರಲಿಲ್ಲ.
ನೋಡ್ಲಿಕ್ಕೆ ಅಂದೆ.
ಸುಳ್ಳಲ್ಲ. ಪೂರ್ತಿ ಖರೇನೂ ಅಲ್ಲ.
ಆ ಫೋಟೋದಾಗಿನ ಹೆಂಗಸಿನ್ನ
ನಾ ಮತ್ ನೋಡಬಾರದಿತ್ತು, ಅಷ್ಟ.
ನೀ ಖರೆ ಹೇಳು. ಅವರು ನಗೂದಿಲ್ಲ,
ಭಿಸಿ ರೊಕ್ಕ ಎಷ್ಟು ಎತ್ತಬೇಕಂತ ಹೇಳ್ತಾರ.

ನುಂಗೂ ಗುಳಿಗಿ ಎಲ್ಲಾ ಚೀಲದಾಗ ಒಯ್ದು
ಅವರ ಮೇಜಿನ ಮ್ಯಾಲ ಸುರುವು.
ಬಿಪಿದು, ಥೈರಾಯ್ಡಿಂದು, ರಕ್ತ ತೆಳ್ಳಗ ಮಾಡೂದು,
ಶಹಾಬಾದದ ವೈದ್ಯನ ಪುಡಿ ಸುದ್ದಾ. ಮುಚ್ಚಿಡಬ್ಯಾಡ.
ಉಸುಕು ಬಿದ್ದಂಗ ಕಣ್ಣು ಚುಚ್ತಾವೇನು, ಅದನ್ನೂ ಹೇಳು,
ಒಣಗಣ್ಣಿಗೆ ರೆಪ್ಪಿ ಗಿಡ್ಡಾದ್ರ
ರಾತ್ರಿ ಪೂರಾ ಮುಚ್ಚೂದಿಲ್ಲ.
ಇನ್ನಷ್ಟು ತಗೀರಿ ಅಂತ ಹಟ ಮಾಡಬ್ಯಾಡ,
ಅದು ಕುಬಸದ ಬಟ್ಟಿ ಅಲ್ಲ, ತಿರುಗಿ ತುಂಡು ಹಚ್ಚಲಿಕ್ಕೆ.
ಎರಡೂ ಒಂದೇ ಥರ ಆಗ್ತಾವ ಅಂತನೂ ತಿಳೀಬ್ಯಾಡ.
ನನ್ನ ಎಡಗಣ್ಣು ಇನ್ನೂ
ಪಕ್ಕದ ಮನಿ ಮಾತು ಕದ್ದು ಕೇಳ್ಲಿಕತ್ತಂಗದ.

ಬ್ಯಾಸಿಗ್ಯಾಗ ಬ್ಯಾಡ, ಕಲಬುರಗಿ ಬಿಸಲಿಗೆ
ಹೊಲಿಗಿ ಬೆವರಿನ್ಯಾಗ ನೆನೀತಾವ.
ಎಳ್ಳಮಾಸಿ ಮುಂದೂ ಬ್ಯಾಡ. ನಾ ಅದೇ ತಪ್ಪು ಮಾಡ್ದೆ.
ಹೊಲಕ್ಕ ಬಜ್ಜಿ ಉಣ್ಲಿಕ್ಕೆ ಕರೀಲಿಕ್ಕೆ ಬಂದವರು
ಹೊಸ್ತಿಲದಾಗೇ ನಿಂತ್ರು.
ನನ್ನ ಎರಡೂ ಕಣ್ಣು ನೇರಳೆ ಹಣ್ಣು.
ಸಿದ್ರಾಮ, ಇಪ್ಪತ್ತಾರು ವರ್ಷದಾಗ ಒಮ್ಮೆ ಜೋರು ಮಾತಾಡಿದವನಲ್ಲ,
ತಲಿ ತಗ್ಗಿಸ್ಕೊಂಡು ಚಾದ ಅಂಗಡಿಗೆ ಹೋದ, ಬಂದ.
ಕೇಳಿದವರು ಯಾರೂ ಇಲ್ಲ. ನಂಬಿದವರು ಎಲ್ಲಾರೂ.
ಓಣ್ಯಾಗ ಮೊದಲೇ ಹೇಳಿಡು.

ಇನ್ನ ಇದು ಮೇಡಂ ಹೇಳ್ಲಾರದ್ದು.
ಎರಡನೇ ರಾತ್ರಿ ಹಿತ್ತಲ ಬಾಗಲದಾಗ ತುಳಜಾ ನಿಂತಿದ್ಲು,
ಹಿಂದಿನ ಸಾಲಿನಾಕಿ, ಎಂದೂ ಮಾತಾಡಿದಾಕಿ ಅಲ್ಲ.
ಸ್ಟೀಲ್ ಡಬ್ಬ್ಯಾಗ ಬರಫ್.
‘ನೇರ ಇಡಬ್ಯಾಡ್ರಿ ಅಕ್ಕ, ಚರ್ಮ ಸುಡ್ತದ.
ಹಳೇ ಧೋತರದಾಗ ಸುತ್ತಿ ಹತ್ತು ನಿಮಿಷ ಇಡ್ರಿ, ಹತ್ತು ನಿಮಿಷ ಬಿಡ್ರಿ.
ತಲಿ ಕೆಳಗ ಎರಡು ದಿಂಬು.
ನೀಲಿ ಹೋಗಿ ಹಸರಾಗ್ತದ, ಆಮ್ಯಾಲ ಅರಿಷಿಣ,
ಹದಿನಾಕಕ್ಕ ಬಿಡ್ತದ.’
ಮೇಡಂ ಕೊಟ್ಟ ಚೀಟ್ಯಾಗ ಇದ್ದದ್ದೇ, ಅಕ್ಷರ ತಪ್ಪಿಲ್ಲ.
ತುಳಜಾಗ ಓದ್ಲಿಕ್ಕೆ ಬರೂದಿಲ್ಲ.

ಹೋದ ವರ್ಷ ಆಕಿ ಬಲಗಣ್ಣಿಗೆ ಸೆರಗು ಹಿಡದು
ನೀರಿನ ಸಾಲಿಗೆ ನಿಂತಾಗ
ನಾವೆಲ್ಲ ಕೊಡ ನೋಡ್ಕೊಂತ ನಿಂತಿದ್ದೆವು.

‘ನಿಮ್ಮವರೂ?’ ಅಂದ್ಲು, ನನ್ನ ಗಲ್ಲ ಮುಟ್ಟಿ.
ರೊಕ್ಕ ಕೊಟ್ಟು ಮಾಡಿಸ್ಕೊಂಡದ್ದು ಅನ್ನಲಿಕ್ಕೆ
ನಾಲಿಗಿ ಏಳಲಿಲ್ಲ.
ಹೇಳ್ದೆ, ಹೊಲಿಗಿ ಬಿಚ್ಚಿದ ಮ್ಯಾಲ.
ಹೌದೇನ್ರಿ ಅಂದು ಡಬ್ಬಿ ಇಸ್ಕೊಂಡು ಹೋದಾಕಿ
ಮತ್ ಹಿತ್ತಲಿಗೆ ಬಂದಿಲ್ಲ.

ಈಗ ಬಸ್ಸಿನ ಕಡೀ ಸೀಟಿನ ತನಕ ಕಾಣ್ತದ.
ಸೆರಗು ಹಣಿ ಮುಂದ ಎಳಕೊಂಡು ಕೂತವರಿಗೆ ಟಿಕೀಟು ಕೊಡುವಾಗ
ನಾ ಮಶಿನ್ ನೋಡೂದಿಲ್ಲ.

ಮತ್ತ, ಕಣ್ಣು ಒಮ್ಮಿಗೇ ಉಬ್ಬಿ, ನೋವು ಏರಿ, ಮಬ್ಬಾದ್ರ
ನಡುರಾತ್ರಿ ಇದ್ರೂ ಓಡು, ಬೆಳಗಾಗ್ಲಿ ಅನಬ್ಯಾಡ.
ಕಾಡಿಗಿ ಅವರು ಹೇಳೂತನಕ ಮುಟ್ಟಬ್ಯಾಡ.
ಜೋಡಿ ಯಾರರೆ ಬೇಕಂತಾರ,
ಡ್ಯೂಟಿ ಬದಲಿ ಮಾಡಿಸ್ಕೊಂಡು ನಾ ಬರ್ತೀನಿ.
ಉಳಿದದ್ದು ಮೇಡಂನ್ನ ಕೇಳು.
ಬರಫ್ ಹೆಂಗ ಇಡೂದು, ನಾ ತೋರಸ್ತೀನಿ.